ನೌಕರರ ಆರೋಗ್ಯ ಸೌಲಭ್ಯದಲ್ಲಿ ಹಲ್ಲಿಗೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ನಾನು ದಾವಣಗೆರೆಯ ಒಂದು ಖಾಸಗಿ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದೇನೆ. ಕಳೆದ ವರ್ಷ ನನ್ನ ಸಂಬಳ ತಿಂಗಳಿಗೆ ₹20,800ರಿಂದ ₹22,400ಕ್ಕೆ ಏರಿತು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಆದರೆ 2017ರ ಜನವರಿಯಲ್ಲಿ ಇಎಸ್‌ಐಗೆ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಗೆ, ನಿಗದಿಯಾದ ₹21,000 ಸಂಬಳದ ಮಿತಿಯನ್ನು ದಾಟಿದ ಕಾರಣಕ್ಕೆ ಸೆಪ್ಟೆಂಬರ್ ಕೊನೆಗೆ ನನ್ನ ಇಎಸ್‌ಐ ವಂತಿಗೆ ನಿಂತಿತು. ಅದಕ್ಕೆ ಸಂಬಂಧಿಸಿದ ಸೌಲಭ್ಯದ ಅವಧಿಯೂ ಜೂನ್‌ಗೆ ಮುಗಿಯಿತು. ಈಗ ನಮಗಿರುವುದು ಸಂಸ್ಥೆ ಮಾಡಿಸಿರುವ ಗುಂಪು ಆರೋಗ್ಯ ವಿಮೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಅನಿವಾರ್ಯ ನನಗೆ ಬಂದದ್ದು ನಮ್ಮ ತಾಯಿಯ ಹಲ್ಲುನೋವಿನಿಂದ.

ಇಎಸ್‌ಐಗೆ ನೌಕರನ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ಹಳೆಯ ಸಂಬಳದ ಚೀಟಿಯಲ್ಲಿ ನನ್ನಿಂದ ಹೋಗುತ್ತಿದ್ದುದು ₹156, ಸಂಸ್ಥೆಯಿಂದ ₹676. ಒಟ್ಟು ವರ್ಷಕ್ಕೆ ₹9,984. ಅಷ್ಟರಲ್ಲಿ ನಾನು, ಪತ್ನಿ, ಇಬ್ಬರು ಮಕ್ಕಳಲ್ಲದೆ ನನ್ನನ್ನೇ ಅವಲಂಬಿಸಿರುವ ತಾಯಿಯೂ ಸೇರುತ್ತಿದ್ದರು. ಜ್ವರದ ಮಾತ್ರೆಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ವೆಚ್ಚ ಇಷ್ಟನ್ನು ಮೀರಬಾರದೆಂಬ ಕಟ್ಟು ಇರಲಿಲ್ಲ. ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಯೂ ಅದರ ಭಾಗವಾದ್ದರಿಂದ ಹಲ್ಲನ್ನು ಯಾರೂ ಬೇರೆಯಾಗಿ ಎಣಿಸುತ್ತಿರಲಿಲ್ಲ.

ಈಗಿನ ಪಾಲಿಸಿ ನಮ್ಮ ನಾಲ್ವರಿಗೆ ವರ್ಷಕ್ಕೆ ₹3 ಲಕ್ಷದವರೆಗೆ ಇದೆ. ಇದರ ಪ್ರೀಮಿಯಂ ಸಂಸ್ಥೆಯದು. ತಾಯಿಯನ್ನು ಸೇರಿಸಿಕೊಳ್ಳಲು ₹16,500 ನನ್ನ ಸಂಬಳದಿಂದ ಕಂತಿನಲ್ಲಿ ಕಡಿತವಾಗುತ್ತದೆ, ಮೇಲಾಗಿ ಅವರ ಬಿಲ್ಲಿನ ಶೇ 20 ನಮ್ಮದೇ ಹೊಣೆ. ವೈಯಕ್ತಿಕ ಹಾಗೂ ಕುಟುಂಬ ಪಾಲಿಸಿಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದರೂ ಗುಂಪು ಪಾಲಿಸಿಗೆ ಆ ವಿನಾಯಿತಿ ದೊರೆತಿಲ್ಲ. ಹಾಗೆಂದು ಗುಂಪು ವಿಮೆಯನ್ನು ನಾನು ಹಳಿಯುವುದಿಲ್ಲ. ತಾಯಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆಯನ್ನು ಮೊದಲ ದಿನದಿಂದಲೇ ಅದು ಒಪ್ಪಿಕೊಂಡಿದೆ. ನಾನೇ ಸ್ವಂತ ಪಾಲಿಸಿ ಮಾಡಿಸಿದ್ದರೆ ಅದಕ್ಕಾಗಿ ಮೂರು ವರ್ಷದವರೆಗೂ ಕಾಯಬೇಕಾಗಬಹುದಿತ್ತು.

ತೊಂದರೆ ಇರುವುದು ಪಾಲಿಸಿಯ ಒಳಗಿನ ಸಣ್ಣ ಅಕ್ಷರಗಳಲ್ಲಿ. ನಮ್ಮ ಸಹೋದ್ಯೋಗಿಯೊಬ್ಬರು ಮಗಳ ಅಪೆಂಡಿಕ್ಸ್ ಆಪರೇಷನ್‌ಗೆ ದಿನಕ್ಕೆ ₹4,500ರ ಕೊಠಡಿ ಪಡೆದರು. ನಮ್ಮ ಪಾಲಿಸಿಯಲ್ಲಿ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ 1, ಅಂದರೆ ₹3,000 ಮಾತ್ರ. ದಿನಕ್ಕೆ ₹1,500 ಕೈಯಿಂದ ಕಟ್ಟಿದರಾಯಿತು ಎಂದುಕೊಂಡಿದ್ದ ಅವರಿಗೆ ಡಿಸ್ಚಾರ್ಜ್ ದಿನ ತಿಳಿದದ್ದೇನೆಂದರೆ, ಕೊಠಡಿ ದುಬಾರಿಯಾದ ಪ್ರಮಾಣದಲ್ಲಿಯೇ ವೈದ್ಯರ ಶುಲ್ಕದಲ್ಲಿಯೂ ಆಪರೇಷನ್ ಥಿಯೇಟರಿನ ಶುಲ್ಕದಲ್ಲಿಯೂ ಮೂರನೆಯ ಒಂದು ಪಾಲು ಕಡಿತವಾಗುತ್ತದೆ ಎಂಬುದು. ಔಷಧಿ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಅನ್ವಯಿಸುವುದಿಲ್ಲ, ಅಷ್ಟು ಉಳಿಯಿತು. ದಾಖಲಾಗುವ ಮುನ್ನ ಒಂದು ಮಾತು ಯಾರಾದರೂ ಹೇಳಿದ್ದರೆ ಅವರು ಸಣ್ಣ ಕೊಠಡಿಯನ್ನೇ ಆರಿಸಿಕೊಳ್ಳುತ್ತಿದ್ದರು.

ಇನ್ನು ನಮ್ಮ ತಾಯಿಯ ವಿಷಯ. ಎರಡು ದವಡೆ ಹಲ್ಲುಗಳು ಹುಳುಕಾಗಿ, ತಿಂಗಳುಗಟ್ಟಲೆ ಬಾಯಿಯ ಒಂದೇ ಬದಿಯಲ್ಲಿ ಅಗಿಯುತ್ತಿದ್ದರು. ಕಟಕು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಮೆತ್ತಗಾಗುವವರೆಗೂ ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಕೇಳಿದರೆ ‘ರುಚಿ ಹಂಗೇ ಚಲೋ’ ಎನ್ನುತ್ತಿದ್ದರು. ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸಲು ₹13,000 ಆಯಿತು. ಬಿಲ್ಲು, ಎಕ್ಸ್‌ರೇ, ವೈದ್ಯರ ಚೀಟಿ ಎಲ್ಲವನ್ನೂ ಸೇರಿಸಿ ಕಳುಹಿಸಿದ ಅರ್ಜಿ ತಿರಸ್ಕೃತವಾಗಿ ಬಂತು. ಅಪಘಾತದಿಂದ ಆಸ್ಪತ್ರೆ ಸೇರಿದ ಸಂದರ್ಭವನ್ನು ಬಿಟ್ಟು ಉಳಿದ ಯಾವ ದಂತ ಚಿಕಿತ್ಸೆಗೂ ಹಣವಿಲ್ಲ ಎಂಬುದು ಅವರ ಉತ್ತರ. ನಿಯಮದ ಪ್ರಕಾರ ಅವರು ಸರಿ. ನಾನು ₹16,500 ಕಟ್ಟುವಾಗ ಅದನ್ನು ನನಗೆ ಯಾರೂ ತಿಳಿಸಿರಲಿಲ್ಲ ಎಂಬುದಷ್ಟೇ ನನ್ನ ನೋವು.

ಹಲ್ಲನ್ನು ಹೊರಗಿಟ್ಟದ್ದರಿಂದ ನಮ್ಮ ಭಾಗಕ್ಕೆ ಆಗುವ ಹಾನಿ ಹೆಚ್ಚು. ಜಗಳೂರಿನ ಕಡೆಯ ಮತ್ತು ಪಕ್ಕದ ಚಿತ್ರದುರ್ಗ ಜಿಲ್ಲೆಯ ಅನೇಕ ಊರುಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಜಾಸ್ತಿ; ಅಲ್ಲಿ ಬೆಳೆದವರ ಹಲ್ಲಿನ ಮೇಲಿನ ಕಂದು ಕಲೆಗಳನ್ನು ನಮ್ಮ ಕಚೇರಿಯಲ್ಲಿಯೇ ನೋಡಬಹುದು. ಅದರ ಜೊತೆಗೆ ಎಲೆಅಡಿಕೆ, ತಂಬಾಕು, ಗುಟ್ಕಾ. ಬಾಯಿ ಕ್ಯಾನ್ಸರ್ ಬಂದು ಆಸ್ಪತ್ರೆಗೆ ಸೇರಿದರೆ ಇದೇ ವಿಮೆ ಲಕ್ಷಗಟ್ಟಲೆ ಹಣ ಕೊಡುತ್ತದೆ. ಆದರೆ ಕೆನ್ನೆಯ ಒಳಗಿನ ಬಿಳಿ ಮಚ್ಚೆಯನ್ನು ಮೊದಲು ಕಾಣಬಲ್ಲವರು ದಂತವೈದ್ಯರು, ಅವರ ಕುರ್ಚಿಯಲ್ಲಿ ಕೂರುವುದಕ್ಕೆ ಒಂದು ರೂಪಾಯಿಯೂ ಇಲ್ಲ. ಇದಕ್ಕಿಂತ ದೊಡ್ಡ ಅವಿವೇಕ ನನಗೆ ಈ ವ್ಯವಸ್ಥೆಯಲ್ಲಿ ಬೇರೆ ಕಾಣಲಿಲ್ಲ.

ಹಾಗಾದರೆ ಹಲ್ಲನ್ನೂ ಪಾಲಿಸಿಗೆ ಸೇರಿಸಿದರಾಯಿತಲ್ಲ ಎಂದರೆ, ಅದಕ್ಕೂ ಲೆಕ್ಕ ಹಾಕಿ ನೋಡಿದೆ. ಹಲ್ಲಿನಂತೆ ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆಗೆ ಹೊರರೋಗಿ ಸೌಲಭ್ಯವನ್ನು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಡೆಯಬಹುದು. ಹೃದಯದ ಆಪರೇಷನ್ ನೂರು ಜನರಲ್ಲಿ ಒಬ್ಬಿಬ್ಬರಿಗೆ ಬರಬಹುದು, ಹಾಗಾಗಿ ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಿದರೆ ಸಾಕಾಗುತ್ತದೆ. ಹಲ್ಲು ಹಾಗಲ್ಲ, ಎಲ್ಲರಿಗೂ ಬರುವ ಖರ್ಚು. ₹5,000ದ ಸೌಲಭ್ಯ ಕೊಟ್ಟರೆ ಬಹುತೇಕ ಎಲ್ಲರೂ ಬಳಸಿಕೊಳ್ಳುತ್ತಾರೆ, ಆಗ ಪ್ರೀಮಿಯಂ ಕೂಡ ₹5,000ದ ಹತ್ತಿರಕ್ಕೇ ಹೋಗುತ್ತದೆ, ಅದರ ಮೇಲೆ ತೆರಿಗೆ ಬೇರೆ. ಆದ್ದರಿಂದ ನಾನು ವಿಮಾ ಕಂಪನಿಯನ್ನಲ್ಲ, ನಮ್ಮ ನಮ್ಮ ಸಂಸ್ಥೆಗಳ ಆಡಳಿತ ಮಂಡಳಿಗಳನ್ನು ಕೇಳುತ್ತಿದ್ದೇನೆ. ನಮ್ಮದು ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ಊರು. 1979ರಲ್ಲಿ ಶುರುವಾದ ಬಾಪೂಜಿ ದಂತ ಕಾಲೇಜು ಒಂದು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಇನ್ನೊಂದು. ಚಿತ್ರದುರ್ಗದವರಿಗೆ ಎಸ್‌ಜೆಎಂ ದಂತ ಕಾಲೇಜು ಇದೆ. ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಹಲ್ಲು ನೋಡುವ ಇಂಥ ಕಾಲೇಜುಗಳೊಂದಿಗೆ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು, ನೌಕರನಿಗೂ ಮನೆಯವರಿಗೂ ವರ್ಷಕ್ಕೊಮ್ಮೆ ತಪಾಸಣೆ ಮತ್ತು ಹಲ್ಲು ಶುಚಿ ಮಾಡಿಸುವ ವೆಚ್ಚವನ್ನು ತಾವು ಭರಿಸಿ, ರೂಟ್ ಕೆನಾಲ್ ಅಥವಾ ಹಲ್ಲು ಕಟ್ಟಿಸುವಂಥ ದೊಡ್ಡ ಕೆಲಸಕ್ಕೆ ಅರ್ಧ ಕೊಟ್ಟರೂ ಸಾಕು. ಹೊರರೋಗಿ ಪ್ರೀಮಿಯಂಗಿಂತ ಇದು ಖಂಡಿತ ಹಗುರ ಎಂದು ಲೆಕ್ಕ ಬರೆಯುವವನಾಗಿ ಹೇಳಬಲ್ಲೆ.

ಇದಕ್ಕೆ ಸಮಯ ಬೇಕಾದರೆ, ಹಣವೇ ಬೇಡದ ಕೆಲಸವೊಂದನ್ನು ಈ ವಾರವೇ ಮಾಡಬಹುದು. ಗುಂಪು ವಿಮೆಯಲ್ಲಿ ಪಾಲಿಸಿದಾರ ಸಂಸ್ಥೆ, ನಾವಲ್ಲ; ಹಾಗಾಗಿ ಪಾಲಿಸಿಯ ಕಾಗದ ಕಚೇರಿಯ ಬೀರುವಿನಲ್ಲಿ ಉಳಿಯುತ್ತದೆ, ನಮ್ಮ ಕೈಗೆ ಬರುವುದು ಒಂದು ಕಾರ್ಡು. ಪಾಲಿಸಿಯ ಮುಖ್ಯ ಅಂಶಗಳನ್ನು ಸರಳವಾಗಿ ತಿಳಿಸುವ ಮಾಹಿತಿ ಪತ್ರ ಕೊಡಬೇಕು, ಪಾಲಿಸಿದಾರ ಕೇಳಿದರೆ ಅದು ಸ್ಥಳೀಯ ಭಾಷೆಯಲ್ಲಿಯೂ ಇರಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ ಹೇಳಿದೆ. ಕೇಳಬೇಕಾದವರು ಸಂಸ್ಥೆಯವರು. ಕೊಠಡಿ ಬಾಡಿಗೆಯ ಮಿತಿ, ತಂದೆತಾಯಿಯ ಬಿಲ್ಲಿನಲ್ಲಿ ನಮ್ಮ ಪಾಲು, ಹೊರಗಿಟ್ಟ ಚಿಕಿತ್ಸೆಗಳು, ಕೆಲಸ ಬಿಟ್ಟಾಗ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶ, ಇವಿಷ್ಟು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಪ್ರತಿ ನೌಕರನಿಗೂ ಸಿಗಲಿ.

ನಮ್ಮ ಪಾಲಿಸಿಯ ನವೀಕರಣ ಏಪ್ರಿಲ್‌ನಲ್ಲಿದೆ. ಈ ಎರಡೂ ಬೇಡಿಕೆಗಳಿಗೆ ಹತ್ತೊಂಬತ್ತು ಜನ ಸಹಿ ಹಾಕಿ ಆಡಳಿತ ವಿಭಾಗಕ್ಕೆ ಮನವಿ ಕೊಟ್ಟಿದ್ದೇವೆ. ಬೇರೆ ಕಚೇರಿಗಳ ನೌಕರರೂ ತಮ್ಮ ಪಾಲಿಸಿಯ ನವೀಕರಣದ ತಿಂಗಳು ಯಾವುದೆಂದು ಇಂದೇ ವಿಚಾರಿಸಿಕೊಂಡು, ಅದಕ್ಕೆ ಮುಂಚೆಯೇ ಮನವಿ ಸಲ್ಲಿಸಬೇಕೆಂದು ಕೋರುತ್ತೇನೆ. ನವೀಕರಣ ಮುಗಿದ ಮೇಲೆ ಕೇಳಿದರೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಖಾಸಗಿ ಸಂಸ್ಥೆಯ ನೌಕರ
ದಾವಣಗೆರೆ