ನೀಲಿ ಗೆರೆಗಳ ಡಿಸೆಂಬರ್: ಮಗಳಿಗೊಂದು ಪತ್ರ

ಪುಟ್ಟಿ,

ನೀನು ಹೊರಟ ದಿನ ದೇವರ ವಿಷಯಕ್ಕೆ ಬಾಗಿಲಲ್ಲಿ ಆದ ಜಗಳವನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಯಾರು ಏನಂದರು ಅಂತ ಇಬ್ಬರಿಗೂ ಗೊತ್ತು. ಧ್ವನಿ ಏರಿಸಿದ್ದಕ್ಕೆ ಬೇಜಾರಿದೆ. ಆಡಿದ ಮಾತಿಗೆ ಅಷ್ಟೊಂದು ಇಲ್ಲ.

ಬರೆಯಲು ಕೂತಿದ್ದು ನಿನ್ನ ನೀಲಿ ಗೆರೆಗಳ ವಿಷಯಕ್ಕೆ. ಆರನೇ ಕ್ಲಾಸಿನಲ್ಲಿ ನೀನು ಪ್ರತಿ ಭಾನುವಾರ ಮಧ್ಯಾಹ್ನ 12 ಗಂಟೆಗೆ ದಕ್ಷಿಣದ ಕಿಟಕಿಯ ಬಿಸಿಲು ಎಲ್ಲಿವರೆಗೆ ಬಂತು ಅಂತ ನೆಲದ ಮೇಲೆ ಮಾರ್ಕರಿನಲ್ಲಿ ಎಳೆಯುತ್ತಿದ್ದೆ. ಒರೆಸಿದರೆ ಹೋಗುತ್ತೆ ಅಂದಿದ್ದೆ, ಹೋಗಲಿಲ್ಲ. ಸೆಪ್ಟೆಂಬರಿನ ಗೆರೆಗಳ ನಡುವೆ ಅಂಗೈ ಅಗಲ ಜಾಗ. ಡಿಸೆಂಬರಿನವು ಒಂದರ ಮೇಲೊಂದು ಬಿದ್ದು ಒಂದೇ ದಪ್ಪ ಪಟ್ಟಿಯಾಗಿವೆ. "ಸೂರ್ಯ ನಿಂತುಬಿಟ್ಟನಾ ಅಮ್ಮ?" ಅಂತ ಕೇಳಿದೆ. ನಾನು ಸುಮ್ನೆ, "ಬೇಡಿಕೋ, ಹೊರಡ್ತಾನೆ" ಅಂದೆ. ನೀನು ನಿಜವಾಗಿಯೂ ಆ ಪಟ್ಟಿಯ ಪಕ್ಕ ಕೂತು ಕಣ್ಣು ಮುಚ್ಚಿದೆ. ಹುಬ್ಬು ಗಂಟು ಹಾಕಿಕೊಂಡು, ಕೈಯಲ್ಲಿ ಮುಚ್ಚಳ ತೆರೆದ ಮಾರ್ಕರ್, ಫ್ರಾಕಿನ ಮೇಲೆಲ್ಲ ಇಂಕು. ಜನವರಿಯಲ್ಲಿ ಗೆರೆ ಕಿಟಕಿಯ ಕಡೆ ಸರಿದಾಗ ಮನೆ ತುಂಬ ಕುಣಿದಾಡಿದ್ದೆ.

"ಅದನ್ನು ಸರಿಸಿದ್ದು ಭೂಮಿ, ನಿನ್ನ ದೇವರಲ್ಲ" ಅಂದೆಯಲ್ಲ ಮೊನ್ನೆ. ಸರಿ. ಭೂಮಿಯ ಅಕ್ಷ 23.5 ಡಿಗ್ರಿ ಓರೆ, ಅದಕ್ಕೇ ಬಿಸಿಲು ಹಿಂದೆ ಮುಂದೆ ಸರಿಯುತ್ತದೆ ಅಂತ ನನಗೂ ಗೊತ್ತು. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುತ್ತದೆ, ಆದರೂ ನಮಗೆ ಚಳಿ ಅಂತ ನೀನೇ ಹೇಳಿಕೊಟ್ಟಿದ್ದೆ. ಅದನ್ನು ಎಷ್ಟು ಜನರಿಗೆ ಹೇಳಿದ್ದೇನೋ, "ನನ್ನ ಮಗಳು ಹೇಳಿದ್ದು" ಅಂತ ಸೇರಿಸಿಯೇ. ಲೆಕ್ಕಕ್ಕೂ ಭಕ್ತಿಗೂ ಜಗಳ ಇದೆ ಅಂತ ನನಗೆ ಅನ್ನಿಸಿಲ್ಲ. ಹಬ್ಬಗಳ ಲೆಕ್ಕವನ್ನೇ ನೋಡು: ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಕೆಲವು ಧರ್ಮದವರು ಆಗಾಗ ಒಂದು ತಿಂಗಳು ಸೇರಿಸಿ ಸರಿಮಾಡಿಕೊಂಡರು. ಮುಸ್ಲಿಮರು ಸೇರಿಸುವುದಿಲ್ಲ, ಹಾಗಾಗಿ ರಂಜಾನ್ ಎಲ್ಲ ಕಾಲಕ್ಕೂ ಸುತ್ತಿ ಬರುತ್ತದೆ. ಪ್ರಾರ್ಥನೆಯ ದಿನ ತಪ್ಪಬಾರದು ಅಂತಲೂ ಇಷ್ಟು ನಿಖರವಾಗಿ ಆಕಾಶ ನೋಡಿದರು. ಬೆಳಕು ಯಾಕೆ ವಾಪಸ್ ಬರುತ್ತೆ ಅಂತ ತಿಳಿದ ಮೇಲೂ, ಬಂದಾಗ ಕೈ ಮುಗಿಯಬೇಕು ಅನ್ನಿಸುತ್ತದೆ ನನಗೆ. ನಿನಗೆ ಅನ್ನಿಸದಿದ್ದರೆ ಬಲವಂತ ಇಲ್ಲ.

ಬಲವಂತ ಇಲ್ಲ ಅಂದೆ, ಆದರೂ ಕೇಳು. ಬೆಳಗ್ಗೆ ಎದ್ದ ಕೂಡಲೇ ಫೋನ್ ಹಿಡಿಯಬೇಡ. ಹತ್ತು ನಿಮಿಷ ಸುಮ್ಮನೆ ಕೂರು. ಏನೂ ಬೇಡಿಕೊಳ್ಳಬೇಡ. ರಾತ್ರಿ ಎರಡರವರೆಗೆ ಕೆಲಸ ಮಾಡಬೇಡ, ಕೋಪ ಬಂದಾಗ ಊಟ ಬಿಡಬೇಡ. ನೋಡು, ಶುರುವಾಯ್ತು ನನ್ನ ಪಾಠ!

ನನ್ನ ಭಯ ದೇವರದ್ದಲ್ಲ ಪುಟ್ಟಿ. ಮುಂದೆ ಯಾವತ್ತೋ ಹೊತ್ತಲ್ಲದ ಹೊತ್ತಲ್ಲಿ ಕೆಟ್ಟ ಸುದ್ದಿ ಬಂದರೆ, ಯಾರ ಹೆಸರು ಹಿಡಿದು ಕರೀತೀಯ? ಅಷ್ಟೊತ್ತಿಗೆ ನಾವಿರುತ್ತೇವೋ ಇಲ್ಲವೋ. ನೀನು ಗಟ್ಟಿ ಹುಡುಗಿ, ನಿಜ. ಆದರೆ ಗಟ್ಟಿ ಇರುವವರನ್ನು "ಹೇಗಿದ್ದೀಯ" ಅಂತ ಯಾರೂ ಕೇಳುವುದಿಲ್ಲ, ಅಲ್ವಾ?

ಭಾನುವಾರ ಫೋನ್ ಮಾಡ್ತೀನಿ, ಎತ್ತು. ದೇವರ ವಿಷಯ ನಾನಾಗಿ ಎತ್ತಲ್ಲ. ನೀನೇ ಎತ್ತಿದರೆ ಮಾತ್ರ ಬಿಡಲ್ಲ.

ನಿನ್ನ ಅಮ್ಮ