ಆ ದನಿ ನಿಮಗೆ ಕೇಳಿಸಿತು, ಅದನ್ನು ಹಿಡಿದಿಟ್ಟವರಿಗೆ ಕೆಲಸವಿಲ್ಲ: ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ,

ನಮಸ್ಕಾರ. 11 ವರ್ಷ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಪಾಠ ಮಾಡಿದವಳು ನಾನು. ಇಷ್ಟು ದಿನ ಅರ್ಜಿ ಬರೆದೆ, ನೆನಪೋಲೆ ಬರೆದೆ, ಕಚೇರಿಗಳ ಮುಂದೆ ಕಾದೆ. ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸಾರ್ವಜನಿಕ ಇತಿಹಾಸದ ಕೆಲಸವನ್ನು, ಅಂದರೆ ಜನರ ನೆನಪು ಸಂಗ್ರಹಿಸಿ ತರಗತಿಯ ಹೊರಗೆ ಜನರ ಮುಂದಿಡುವ ಇತಿಹಾಸದ ಕೆಲಸವನ್ನು, ಸಂಶೋಧನೆ ಎಂದು ಒಪ್ಪಿಕೊಳ್ಳಿ. ನೇಮಕಾತಿಯಲ್ಲೂ ಬಡ್ತಿಯಲ್ಲೂ ಅದಕ್ಕೆ ಅಂಕ ಕೊಡಿ. ಅದಕ್ಕಾಗಿ ಕಾಯಂ ಹುದ್ದೆ ಮಂಜೂರು ಮಾಡಿ.

ಅಂಕಗಳ ಲೆಕ್ಕ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತೇ ಇದೆ: ಪ್ರಕಟವಾದ ಬರಹಕ್ಕೆ ಅಂಕ. ನಿಮ್ಮ ಇಲಾಖೆಯ ನಿಯಮವೇ ಅದು. ನಾನು ಹೇಳಬೇಕಾದ್ದು ಆ ಲೆಕ್ಕದಿಂದ ಹೊರಗೆ ಉಳಿದುಹೋದದ್ದರ ಬಗ್ಗೆ.

ನಾನು ಕೆಲಸ ಮಾಡಿದ್ದು ಮುಚ್ಚಿಹೋದ ಒಂದು ನೂಲಿನ ಗಿರಣಿಯ ಮೇಲೆ. ಗಿರಣಿಯ ಮಾಲೀಕರ ಕಾಗದಪತ್ರ ಒಂದಿಷ್ಟು ಉಳಿದಿತ್ತು. ಎಷ್ಟು ನೂಲು ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಅದರಲ್ಲಿತ್ತು. ಅಲ್ಲಿ ದುಡಿದ ಹೆಂಗಸರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ. ಅವರೆಲ್ಲ ಆಗಲೇ ಎಪ್ಪತ್ತು, ಎಂಬತ್ತು ದಾಟಿದ್ದರು. ಮನೆ ಮನೆಗೆ ಹೋದೆ. ಮೊದಲು ಬಾಗಿಲಲ್ಲೇ ನಿಲ್ಲಿಸಿದರು. ಮೂರನೇ ಸಲಕ್ಕೆ ಒಳಗೆ ಕರೆದರು. ಹೀಗೆ ಏಳು ವರ್ಷದಲ್ಲಿ 183 ಜನರ ಮಾತು ರೆಕಾರ್ಡ್ ಮಾಡಿದೆ.

ಆ ಹೆಂಗಸರು ಜೋರಾಗಿ ಮಾತಾಡುತ್ತಾರೆ. ಮೊದಮೊದಲು ನನಗೆ ಅದು ಸಿಟ್ಟು ಅನ್ನಿಸಿತ್ತು. ಆಮೇಲೆ ಒಬ್ಬರು ಬಿಡಿಸಿ ಹೇಳಿದರು. ಯಂತ್ರಗಳ ಸದ್ದಿನಲ್ಲಿ ದುಡಿದು ದುಡಿದು ಕಿವಿ ಮಂದವಾಗಿತ್ತು. ಗಿರಣಿಯೊಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಲೇ ಇರಲಿಲ್ಲವಂತೆ. ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರಂತೆ. ಮೇಸ್ತ್ರಿ ಬಂದರೆ ಎಚ್ಚರಿಸುವುದೂ ತುಟಿಯಲ್ಲೇ, ಮನೆಯ ಕಷ್ಟ ಹೇಳಿಕೊಳ್ಳುವುದೂ ತುಟಿಯಲ್ಲೇ. ಇದು ಯಾವ ಲೆಕ್ಕಪುಸ್ತಕದಲ್ಲಿ ಸಿಗುತ್ತದೆ, ಹೇಳಿ? ಅವರನ್ನೇ ಕೇಳಬೇಕು. ಅವರು ಇರುವಾಗಲೇ ಕೇಳಬೇಕು. ನಾನು ಮಾತಾಡಿಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈಗ ಇಲ್ಲ.

ಒಂದು ಗಂಟೆಯ ಮಾತನ್ನು ಸರಿಯಾಗಿ ಬರೆದಿಳಿಸಲು ನನಗೆ ಏಳೆಂಟು ಗಂಟೆ ಬೇಕು. ಅವರು ತಡೆದ ಜಾಗ, ಅತ್ತ ಜಾಗ, ಮಾತು ತಿರುಗಿಸಿದ ಜಾಗ ಎಲ್ಲವನ್ನೂ ಗುರುತು ಮಾಡಬೇಕು. ಅವರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಬೇಕು. ಯಾವ ಭಾಗ ಹೊರಗೆ ಹೋಗಬಾರದು ಎಂದು ಕೇಳಿ, ಆ ಮಾತು ಉಳಿಸಿಕೊಳ್ಳಬೇಕು. ಒಬ್ಬರ ನೆನಪನ್ನು ಇನ್ನೊಬ್ಬರ ನೆನಪಿನ ಜೊತೆ, ಕಾಗದಪತ್ರದ ಜೊತೆ ಇಟ್ಟು ನೋಡಬೇಕು. ಗಿರಣಿಯಲ್ಲಿ ಮುಷ್ಕರ ಯಾವ ವರ್ಷ ಆಯಿತು ಎಂಬುದನ್ನು ಹಲವರು ತಪ್ಪಾಗಿ ಹೇಳಿದರು. ಎಲ್ಲರೂ ಒಂದೇ ರೀತಿ ತಪ್ಪಿದ್ದರು. ಯಾಕೆ ಹಾಗೆ ತಪ್ಪಿದರು ಎಂದು ಹುಡುಕುವುದೂ ಇತಿಹಾಸದ ಕೆಲಸವೇ. ನನಗಂತೂ ಅದೇ ದೊಡ್ಡ ಕೆಲಸ ಅನ್ನಿಸಿತು.

ಇಷ್ಟೆಲ್ಲ ಹೊತ್ತುಕೊಂಡು ನೇಮಕಾತಿ ಸಂದರ್ಶನಕ್ಕೆ ಹೋದೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ನನ್ನ ಕಡತ ತಿರುವಿ ಹಾಕಿದರು. "ಇದರಲ್ಲಿ ಪುಟಸಂಖ್ಯೆ ಎಲ್ಲಿದೆಯಮ್ಮಾ?" ಎಂದು ಕೇಳಿದರು. ರೆಕಾರ್ಡಿಂಗ್‌ಗೆ ಪುಟಸಂಖ್ಯೆ ಇರುವುದಿಲ್ಲ ಸರ್, ನಿಮಿಷ ಸೆಕೆಂಡುಗಳಲ್ಲಿ ಸೂಚಿ ಮಾಡಿದ್ದೇನೆ ಎಂದೆ. "ಹಾಗಾದರೆ ಇದು ಪ್ರಕಟಣೆ ಅಲ್ಲ" ಎಂದರು. ಏಳು ವರ್ಷಕ್ಕೆ ಸೊನ್ನೆ ಅಂಕ. ಮುಂದಿನ ಸಂದರ್ಶನದಲ್ಲೂ ಅದೇ ಆಯಿತು. ಅದರ ಮುಂದಿನದರಲ್ಲೂ.

ಈಗ ನಿಮಗೆ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ.

ನಾನು ಪಾಠ ಮಾಡುತ್ತಿದ್ದ ಸಂಸ್ಥೆ ಒಂದು ನೆನಪಿನ ಗ್ಯಾಲರಿ ಮಾಡಿತು. ನನ್ನ ರೆಕಾರ್ಡಿಂಗ್‌ಗಳನ್ನೇ ಬಳಸಿತು. ಗೋಡೆಯ ಮೇಲಿನ ಬರಹ ನನ್ನದು. ಯಾವ ಫೋಟೊ ಎಲ್ಲಿ ತೂಗಬೇಕು ಎಂದು ಆ ಹೆಂಗಸರ ಜೊತೆಗೇ ಕೂತು ತೀರ್ಮಾನಿಸಿದ್ದೆ. ಉದ್ಘಾಟನೆಗೆ ನೀವೇ ಬಂದಿದ್ದಿರಿ. ಹೆಡ್‌ಫೋನ್ ಹಾಕಿಕೊಂಡು ಒಬ್ಬ ಅಜ್ಜಿಯ ಮಾತು ಕೇಳಿದಿರಿ. ದನಿ ಜೋರಾಗಿದ್ದರಿಂದ ಒಂದು ಕ್ಷಣ ಬೆಚ್ಚಿದಿರಿ. ಆಮೇಲೆ ಕಣ್ಣು ಮುಚ್ಚಿ ಪೂರ್ತಿ ಕೇಳಿದಿರಿ. "ಇಂಥ ಕೆಲಸ ಎಲ್ಲ ಕಡೆ ಆಗಬೇಕು" ಎಂದು ಭಾಷಣದಲ್ಲಿ ಹೇಳಿದಿರಿ. ನಾನು ಕೊನೆಯ ಸಾಲಿನಲ್ಲಿ ನಿಂತಿದ್ದೆ. ಆವತ್ತು ನಿಮ್ಮ ಮೇಲೆ ಗೌರವ ಬಂತು. ಸುಳ್ಳು ಹೇಳುವುದಿಲ್ಲ.

ಒಂಬತ್ತು ದಿನ ಬಿಟ್ಟು ನನಗೆ ಕಾಗದ ಬಂತು. ಮುಂದಿನ ವರ್ಷಕ್ಕೆ ನಿಮ್ಮ ಸೇವೆ ಬೇಕಿಲ್ಲ, ಕಾರ್ಯಭಾರ ಕಡಿಮೆಯಾಗಿದೆ ಎಂದು ಅದರಲ್ಲಿತ್ತು. ಗ್ಯಾಲರಿಯ ಫಲಕದಲ್ಲಿ ಬಣ್ಣ ಬಳಿದ ಗುತ್ತಿಗೆದಾರರ ಹೆಸರಿದೆ. ನನ್ನ ಹೆಸರಿಲ್ಲ. ಹೋಗಲಿ, ನನ್ನ ಹೆಸರು ಬೇಡ. ಆ 183 ಜನರ ಹೆಸರೂ ಇಲ್ಲ. "ಸ್ಥಳೀಯ ಕಾರ್ಮಿಕರು" ಎಂದು ಎರಡು ಪದದಲ್ಲಿ ಮುಗಿಸಿದ್ದಾರೆ. ಅವರ ಹೆಸರು ಹಾಕುತ್ತೇವೆ ಎಂದು ನಾನು ಮನೆ ಮನೆಯಲ್ಲಿ ಮಾತು ಕೊಟ್ಟಿದ್ದೆ. ಈಗ ನಾನು ಯಾವ ಮುಖ ಇಟ್ಟುಕೊಂಡು ಆ ಮನೆಗಳಿಗೆ ಹೋಗಲಿ? ಕ್ಷಮಿಸಿ, ಇದನ್ನು ಬರೆಯುವಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಕೆಲಸ ಬೇಕು, ಕೆಲಸ ಮಾಡಿದವರು ಬೇಡ ಎಂದರೆ ಅದು ಯಾವ ನ್ಯಾಯ?

ಅಂಕ ಕೊಡಿ. ಕಾಯಂ ಹುದ್ದೆ ಕೊಡಿ.

ಇದು ನಾನು ಹೊಸದಾಗಿ ಕಟ್ಟಿದ ವಿದ್ಯೆ ಅಲ್ಲ. ಸಮಾಜ ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮೊರಿಸ್ ಹಾಲ್ಬ್‌ವಾಕ್ಸ್ 1925ರಲ್ಲೇ ಬರೆದರು. ಅವರು 1945ರಲ್ಲಿ ನಾಜಿಗಳ ಬೂಖೆನ್‌ವಾಲ್ಡ್ ಶಿಬಿರದಲ್ಲಿ ತೀರಿಕೊಂಡರು. ಇತಿಹಾಸಕಾರ ಅಲನ್ ನೆವಿನ್ಸ್ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೌಖಿಕ ಇತಿಹಾಸದ, ಅಂದರೆ ಜನರ ಮಾತನ್ನೇ ರೆಕಾರ್ಡ್ ಮಾಡಿ ಕಟ್ಟುವ ಇತಿಹಾಸದ, ಕಚೇರಿ ತೆರೆದದ್ದು 1948ರಲ್ಲಿ. 1970ರ ದಶಕದಲ್ಲಿ ಅಮೆರಿಕದಲ್ಲಿ ಇತಿಹಾಸದ ಪಿಎಚ್‌ಡಿ ಮಾಡಿದವರಿಗೆ ಕೆಲಸವೇ ಸಿಗದ ಕಾಲ ಬಂತು. ಆಗ ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಕೆಲ್ಲಿ 1976ರಲ್ಲಿ ಸಾರ್ವಜನಿಕ ಇತಿಹಾಸದ ಸ್ನಾತಕೋತ್ತರ ಶಿಕ್ಷಣ ಶುರು ಮಾಡಿದರು. ಕೆಲಸವಿಲ್ಲದ ಹೊತ್ತಲ್ಲೇ ಹುಟ್ಟಿದ ವಿಷಯ ಇದು, ಗಮನಿಸಿ. ಪತ್ರಾಗಾರ, ಮ್ಯೂಸಿಯಂ, ಸರ್ಕಾರಿ ಇಲಾಖೆ, ಸ್ಮಾರಕಗಳು, ಹೀಗೆ ತರಗತಿಯ ಹೊರಗೆ ಇತಿಹಾಸ ಬಲ್ಲವರಿಗೆ ಜಾಗ ಇದೆ ಎಂದು ಅವರು ತೋರಿಸಿದರು. ಆದರೆ ಹಾಗೆ ಕಲಿಸಲು ಮೊದಲು ಒಬ್ಬ ಕಾಯಂ ಮೇಷ್ಟ್ರು ಬೇಕಲ್ವಾ?

ಇದನ್ನು ಅಳೆಯುವುದು ಹೇಗೆ ಎಂದು ನಿಮ್ಮ ಅಧಿಕಾರಿಗಳು ಕೇಳುತ್ತಾರೆ. ನನ್ನನ್ನೂ ಕೇಳಿದ್ದಾರೆ. ದಾರಿ ಬೇರೆಯವರು ಆಗಲೇ ಮಾಡಿಟ್ಟಿದ್ದಾರೆ. ಅಮೆರಿಕದ ಮೂರು ಇತಿಹಾಸ ಸಂಘಟನೆಗಳು 2010ರಲ್ಲಿ ಒಂದು ವರದಿಯನ್ನು ಒಪ್ಪಿಕೊಂಡವು. ಪ್ರದರ್ಶನ, ಮೌಖಿಕ ಇತಿಹಾಸ, ಸಮುದಾಯದ ಜೊತೆಗಿನ ಕೆಲಸ ಇವನ್ನೂ ಬಡ್ತಿಯ ಹೊತ್ತಿನಲ್ಲಿ ವಿದ್ವತ್ತು ಎಂದು ಪರಿಗಣಿಸಿ ಎನ್ನುತ್ತದೆ ಆ ವರದಿ. ಬ್ರಿಟನ್ ತನ್ನ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು 2014ರಲ್ಲಿ ತೂಗಿದಾಗ, ಅದು ಸಮಾಜದಲ್ಲಿ ಬೀರಿದ ಪರಿಣಾಮಕ್ಕೆ ನೂರಕ್ಕೆ 20ರಷ್ಟು ತೂಕ ಕೊಟ್ಟಿತು. 2021ರಲ್ಲಿ ಅದನ್ನು 25ಕ್ಕೆ ಏರಿಸಿತು. ಅಳೆಯಲು ಆಗುವುದಿಲ್ಲ ಎಂಬ ಮಾತಿಗೆ ಇನ್ನು ಜಾಗವಿಲ್ಲ.

ಅಳೆಯುವವರು ಗ್ಯಾಲರಿಗೆ ಬರಲಿ. ರೆಕಾರ್ಡಿಂಗ್ ಕೇಳಲಿ. ಒಪ್ಪಿಗೆ ಪತ್ರ ನೋಡಲಿ. ಸೂಚಿ ಸರಿ ಇದೆಯೇ ಎಂದು ತಾಳೆ ನೋಡಲಿ. ತಪ್ಪಿದ್ದರೆ ಅಂಕ ಕಡಿಯಲಿ. ಕೆಲಸವನ್ನು ನೋಡದೆಯೇ ಸೊನ್ನೆ ಹಾಕುವುದನ್ನು ಮಾತ್ರ ನಿಲ್ಲಿಸಿ.

ನನ್ನ ಬಳಿ ಕಲಿತ ಹುಡುಗಿಯೊಬ್ಬಳು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡಬೇಕೆಂದಿದ್ದಳು. ಬಹಳ ಚುರುಕು. ಎಷ್ಟು ಬಿಗುಮಾನದ ಮುದುಕರೂ ಅವಳ ಮುಂದೆ ಮಾತಾಡುತ್ತಿದ್ದರು. ಕೇಳುವ ಕಿವಿ ಅವಳಿಗಿತ್ತು. ಕಳೆದ ವರ್ಷ ಬಂದು, "ಮೇಡಂ, ಇದರಲ್ಲಿ ಕೆಲಸ ಸಿಗುತ್ತಾ?" ಎಂದು ಕೇಳಿದಳು. ನನ್ನನ್ನೇ ನೋಡಿಕೊಂಡು ಕೇಳಿದಳು. ನಾನು ಹೌದು ಎನ್ನಲಿಲ್ಲ. ಅವಳು ಈಗ ಬೇರೆ ಏನೋ ಮಾಡುತ್ತಿದ್ದಾಳೆ. ಅವಳನ್ನು ಕಳೆದುಕೊಂಡದ್ದು ನನ್ನ ಕೆಲಸ ಹೋದದ್ದಕ್ಕಿಂತ ಜಾಸ್ತಿ ನೋಯಿಸುತ್ತದೆ. ಇನ್ನು ಹತ್ತು ವರ್ಷ ಬಿಟ್ಟು ಹುದ್ದೆ ಕೊಟ್ಟರೆ, ಕೇಳುವವರೂ ಇರುವುದಿಲ್ಲ, ಹೇಳುವವರೂ ಇರುವುದಿಲ್ಲ.

ಸಚಿವರೇ, ಸನ್ಮಾನ ಬೇಡ, ಶಾಲು ಬೇಡ, ಮತ್ತೊಂದು ಸಮಿತಿಯಂತೂ ಬೇಡವೇ ಬೇಡ. ಮುಂದಿನ ನೇಮಕಾತಿ ಅಧಿಸೂಚನೆ ಹೊರಡುವ ಮೊದಲು ನಿಯಮ ತಿದ್ದಿ. ಸಾರ್ವಜನಿಕ ಇತಿಹಾಸದ ಕೆಲಸಕ್ಕೆ ಅಂಕ ಕೊಡಿ. ಪ್ರತಿ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದಲ್ಲಿ ಒಂದಾದರೂ ಕಾಯಂ ಹುದ್ದೆ ಕೊಡಿ. ಆ ಗ್ಯಾಲರಿಯ ಗೋಡೆಯ ಮೇಲೆ 183 ಹೆಸರು ಬರೆಸಿ. ಪಟ್ಟಿ ನನ್ನ ಹತ್ತಿರ ಇದೆ, ಕೇಳಿದ ದಿನವೇ ಕೊಡುತ್ತೇನೆ.

ನೀವು ದನಿ ಕೇಳಿದ ಆ ಅಜ್ಜಿ ಇನ್ನೂ ಇದ್ದಾರೆ. ಹೋದ ವಾರ ಫೋನ್ ಮಾಡಿ, "ನನ್ನ ಹೆಸರು ಹಾಕಿದರಾ?" ಎಂದು ಕೇಳಿದರು. ಫೋನಿನಲ್ಲಿ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಇಲ್ಲ ಎಂಬ ಒಂದು ಮಾತನ್ನು ನಾಲ್ಕು ಸಲ ಕೂಗಿ ಹೇಳಬೇಕಾಯಿತು. 41 ಗಂಟೆಯ ರೆಕಾರ್ಡಿಂಗ್ ಇನ್ನೂ ಬರೆದಿಳಿಸದೆ ನನ್ನ ಬೀರುವಿನಲ್ಲಿದೆ. ಅದನ್ನು ಯಾವ ವಿಭಾಗಕ್ಕೆ, ಯಾರ ಕೈಗೆ ಕೊಡಲಿ ಎಂದು ತಿಳಿಸಿ.

ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,

ಇತಿಹಾಸದ ಮಾಜಿ ಅತಿಥಿ ಉಪನ್ಯಾಸಕಿ