ಊರಿನ ಚರಿತ್ರೆ, ಮನೆತನದ ಮೂಲ ಹುಡುಕುತ್ತಿರುವವರಿಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವವರು ಮೊದಲು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡಕ್ಕೆ, ಅಂದರೆ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಹಳೇ ಗೆಜೆಟಿಯರ್ (ಜಿಲ್ಲೆಯ ವಿವರಗಳಿರುವ ಸರ್ಕಾರಿ ಪುಸ್ತಕ) ಕೇಳಿ, ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಕೇಳಿ. 1886ರಿಂದ ಬಂದ ಆ ಸಂಪುಟಗಳಲ್ಲಿ ಹಳೇ ಮೈಸೂರು, ಕೊಡಗಿನ ಶಾಸನಗಳಿವೆ. ಮೈಸೂರಿನವು ತಾಲ್ಲೂಕುವಾರು ಇವೆ, ಹಾಗಾಗಿ ನಿಮ್ಮ ತಾಲ್ಲೂಕು ತೆಗೆದು ಊರಿನ ಹೆಸರು ಹುಡುಕಿದರೆ ಸಾಕು, ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲಿನಲ್ಲಿ ಅವನ ಹೆಸರು, ಕೆಲವೊಮ್ಮೆ ಅಪ್ಪನ ಹೆಸರು, ಅವನಿಗಾಗಿ ದತ್ತಿ ಬಿಟ್ಟ ಗದ್ದೆಯ ವಿವರ ಕೂಡ ಸಿಗಬಹುದು. ಊರಿನ ಹಳೇ ಹೆಸರೂ ಗೊತ್ತಿರಲಿ, ಈಗಿನ ಹಳೇಬೀಡು ಶಾಸನಗಳಲ್ಲಿ ದೋರಸಮುದ್ರ ಅಲ್ವಾ.

ರೈತರ ಮನೆತನದ ವಂಶಾವಳಿ ಪುಸ್ತಕಕ್ಕಿಂತ ಊರೂರು ತಿರುಗಿ ಮನೆತನಗಳ ಪೀಳಿಗೆ ಹೇಳುವ ಹೆಳವರ ಹತ್ತಿರ ಜಾಸ್ತಿ. ಅವರು ಊರಿಗೆ ಬಂದಾಗ ಸುಮ್ನೆ ದವಸ ಕೊಟ್ಟು ಕಳಿಸಬೇಡಿ. ಕೂರಿಸಿ, ಪೂರ್ತಿ ಹೇಳಿಸಿ, ಒಪ್ಪಿದರೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.